ಎಮ್ಮೆಸ್ಸಿ ಕ್ವಾಂಟಿಟೇಟಿವ್ ಲ್ಯಾಬಿಗೆ ಸ್ವಂತ ಎ ಕ್ಲಾಸ್ ಬ್ಯುರೆಟ್: ಬಳಸಿದ ಮೇಲೆ ಬರೆದ ರಿವ್ಯೂ

ಕೆಮಿಸ್ಟ್ರಿ ಎಮ್ಮೆಸ್ಸಿಗೆ ಹೊಸದಾಗಿ ಸೇರಿದವ್ರು ಪ್ರತಿ ವರ್ಷ ಕೇಳುವ ಪ್ರಶ್ನೆ ಒಂದೇ, ಕಾಲೇಜಲ್ಲಿ ಬ್ಯುರೆಟ್ ಕೊಡ್ತಾರಲ್ಲ, ಮತ್ತೆ ನಮ್ಮದೇ ಒಂದು ಎಂತಕ್ಕೆ ಬೇಕು ಅಂತ. ಬ್ಯುರೆಟ್ ಅಂದ್ರೆ ಗೆರೆ ಎಳೆದ ಉದ್ದದ ಗಾಜಿನ ಕೊಳವೆ, ಕೆಳಗೆ ಕಾಕ್ ಅಂದ್ರೆ ನಲ್ಲಿಯಂಥದ್ದು, ದ್ರಾವಣ ಎಷ್ಟು ಬಿಟ್ಟದ್ದು ಅಂತ ಅಳೀಲಿಕ್ಕೆ. ನಾನು ಮಂಗಳೂರಲ್ಲೇ ಎಮ್ಮೆಸ್ಸಿ ಮಾಡಿದ್ದು, ಫಸ್ಟ್ ಸೆಮ್ಮಲ್ಲಿ ಕ್ವಾಂಟಿಟೇಟಿವ್ ಅನಾಲಿಸಿಸ್, ಅಂದ್ರೆ ಯಾವುದು ಎಷ್ಟು ಉಂಟು ಅಂತ ಅಳೆಯುವ ಪಾಠ, ಶುರುವಾದ ಹೊತ್ತಿಗೆ ಒಂದು ಎ ಕ್ಲಾಸ್ ಬ್ಯುರೆಟ್ ಸ್ವಂತ ದುಡ್ಡಲ್ಲಿ ತಗೊಂಡಿದ್ದೆ, ಎರಡೂ ವರ್ಷ ಅದರಲ್ಲೇ ಟೈಟ್ರೇಷನ್ (ರಿಯಾಕ್ಷನ್ ಮುಗಿಯುವವರೆಗೆ ಒಂದು ದ್ರಾವಣವನ್ನು ಇನ್ನೊಂದಕ್ಕೆ ಅಳೆದು ಬಿಡುದು) ಮಾಡಿದ್ದು, ಈಗ ಕೆಲಸಕ್ಕೆ ಸೇರಿದ ಮೇಲೂ ಅದು ಮನೆಯಲ್ಲಿ ಉಂಟು, ತಂಗಿ ಬಳಸ್ತಾಳೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೇನೆ, ತಗೊಳ್ಳುವವ್ರಿಗೆ ಉಪಯೋಗ ಆಗ್ಲಿ.

ನನ್ನದು 50 ಎಂಎಲ್, ಬೋರೋಸಿಲಿಕೇಟ್ ಗಾಜು, ಟೆಫ್ಲಾನ್ ಕಾಕ್, ಎ ಕ್ಲಾಸ್. ಕಂಪೆನಿ ಹೆಸ್ರು ಬೇಕಂತಲೇ ಹಾಕುದಿಲ್ಲ, ಯಾಕಂದ್ರೆ ನೋಡ್ಬೇಕಾದ್ದು ಹೆಸ್ರಲ್ಲ, ಗಾಜಿನ ಮೇಲೆ ಬರೆದದ್ದು. ಒಳ್ಳೆ ಬ್ಯುರೆಟ್ಟಿನ ನೆತ್ತಿಯ ಹತ್ರ ಒಂದಿಷ್ಟು ಅಕ್ಷರ ಇರ್ತದೆ, ಹೆಚ್ಚಿನವ್ರು ಅದನ್ನು ಓದುದೇ ಇಲ್ಲ. ಎ ಅಂತ ಇದ್ರೆ ಅದು ಕ್ಲಾಸು, ಅಂದ್ರೆ ನಿಖರತೆಯ ದರ್ಜೆ, ಬಿಗಿಂತ ಎ ಮೇಲಿನದ್ದು. ±0.05 ಎಂಎಲ್ ಅಂತ ಇದ್ರೆ ಅದು ಟಾಲರೆನ್ಸ್, ಅಂದ್ರೆ ಕಂಪೆನಿ ಕೊಡುವ ಮಾತು, ಎಷ್ಟು ಬಿಟ್ರೂ ಅದಕ್ಕಿಂತ ಜಾಸ್ತಿ ತಪ್ಪಾಗುದಿಲ್ಲ ಅಂತ. ಬಿ ಕ್ಲಾಸಲ್ಲಿ ಅದೇ ±0.10. ಮತ್ತೆ 20 ಡಿಗ್ರಿ ಇಲ್ಲಾ 27 ಡಿಗ್ರಿ ಅಂತ ಬರೆದಿರ್ತದೆ, ಆ ಉಷ್ಣತೆಯಲ್ಲಿ ಗೆರೆಗಳು ಸರಿ ಅಂತ ಲೆಕ್ಕ, 27 ಅನ್ನುದು ನಮ್ಮಂಥ ಸೆಕೆ ದೇಶಗಳಿಗೆ ಇಟ್ಟದ್ದು. ಎಎಸ್ ಅಂತ ಇದ್ರೆ ದ್ರಾವಣ ಬಿಟ್ಟ ಮೇಲೆ ಬರೆದಷ್ಟು ಸೆಕೆಂಡು, ಸಾಮಾನ್ಯ 30, ಕಾದು ರೀಡಿಂಗ್ ತಗೊಳ್ಬೇಕು, ಗೋಡೆಗೆ ಅಂಟಿದ ದ್ರಾವಣ ಇಳಿದು ಬರ್ಲಿಕ್ಕೆ. ಇದೆಲ್ಲ ಇಲ್ಲದ ಬರೀ ಗೆರೆ ಎಳೆದ ಗಾಜಿನ ಕೊಳವೆಯನ್ನು ಯಾರಾದ್ರೂ ಎ ಕ್ಲಾಸ್ ಅಂತ ಕೊಟ್ರೆ ತಗೊಳ್ಬೇಡಿ.

ಅಂಗಡಿಯಲ್ಲಿ ನಾನು ಎ ಕ್ಲಾಸ್ ಉಂಟಾ ಕೇಳಿದಾಗ ಅಲ್ಲಿದ್ದ ಹಿರಿಯರು ಕಪಾಟಿನ ಮೇಲಿಂದ ಉದ್ದದ ಡಬ್ಬ ಇಳಿಸ್ತಾ, "ಉಂಟು ಮಗಾ, ಆದ್ರೆ ಸ್ಟೂಡೆಂಟ್ಸು ಯಾರೂ ಕೇಳುದಿಲ್ಲ, ಲ್ಯಾಬಿನವ್ರು ಮಾತ್ರ ಕೊಂಡುಹೋಗುದು" ಅಂದ್ರು. ಡಬ್ಬದೊಳಗೆ ಒಂದು ಚೀಟಿ, ಅದರಲ್ಲಿ ಸೀರಿಯಲ್ ನಂಬರು, ಅದೇ ನಂಬರು ಗಾಜಿನ ಮೇಲೂ. ಕೆಲವು ಕಂಪೆನಿ ಬ್ಯಾಚಿಗೆ ಒಂದು ಸರ್ಟಿಫಿಕೇಟ್ ಕೊಡ್ತದೆ, ಕೆಲವು ಒಂದೊಂದು ಪೀಸಿಗೂ ಬೇರೆ ಬೇರೆ ಕೊಡ್ತದೆ, ಅದಕ್ಕೆ ದುಡ್ಡು ಇನ್ನೂ ಜಾಸ್ತಿ. ಕಲಿಲಿಕ್ಕೆ ಬ್ಯಾಚಿನದ್ದು ಧಾರಾಳ ಸಾಕು. ಬೆಲೆ ಬಿ ಕ್ಲಾಸಿಗಿಂತ ಎಷ್ಟೋ ಮೇಲೆ, ಹಾಗಾಗಿ ಒಬ್ರಿಗೆ ಭಾರ ಅನ್ನಿಸಿದ್ರೆ ಬೆಂಚ್ ಮೇಟ್ ಜೊತೆ ಸೇರಿ ತಗೊಳ್ಳಿ, ಖಂಡಿತ ಆಗ್ತದೆ.

ಈಗ ಮುಖ್ಯ ವಿಷ್ಯ, ಎಂತಕ್ಕೆ ಬೇಕು ಅಂತ. ನಾನು ಕಲಿತ ಕಡೆ, ಹೆಸ್ರು ಬೇಡ, ಸ್ಟಾಂಡಿಗೆ ಸಿಕ್ಕಿಸಿಟ್ಟಿದ್ದ ಬ್ಯುರೆಟ್ಟುಗಳೆಲ್ಲ ಬೇರೆ ಬೇರೆ ಕಾಲದ್ದು, ಕೆಲವಕ್ಕೆ ಗಾಜಿನ ಕಾಕ್, ಅದಕ್ಕೆ ವ್ಯಾಸಲಿನ್ ಮೆತ್ತಿ ಮೆತ್ತಿ ತೂತೇ ಅರ್ಧ ಮುಚ್ಚಿ ಹೋಗಿದೆ, ಕೆಲವು ಟಿಪ್ ಚೂರಾಗಿ ಡ್ರಾಪು ದಪ್ಪ ಬೀಳ್ತದೆ, ಇನ್ನು ಕೆಲವು ಕೈ ಬಿಟ್ರೂ ಸೋರ್ತಾ ಇರ್ತದೆ. ಇಂದು ಒಂದು, ನಾಳೆ ಇನ್ನೊಂದು, ಯಾವುದು ಸಿಕ್ಕಿತೋ ಅದು. ಅದರಲ್ಲಿ ಟೈಟ್ರೇಷನ್ ಮಾಡಿ ವ್ಯಾಲ್ಯೂ ಅರ್ಧ ಪರ್ಸೆಂಟ್ ಆಚೆ ಬಂದ್ರೆ ಅದು ನಿಮ್ಮ ಕೈಯಿಂದ ಬಂದದ್ದಾ, ಗಾಜಿಂದ ಬಂದದ್ದಾ, ಸ್ಟಾಂಡರ್ಡ್ ದ್ರಾವಣದಿಂದ ಬಂದದ್ದಾ, ಹೇಳ್ಲಿಕ್ಕೆ ಯಾರಿಗೂ ಆಗುದಿಲ್ಲ, ಮೇಡಮ್ಮಿಗೂ ಆಗುದಿಲ್ಲ. ಎಲ್ಲ ಒಟ್ರಾಶಿ ಸೇರಿ ಹೋಗಿರ್ತದೆ. ಕ್ವಾಂಟಿಟೇಟಿವ್ ಕಲಿಯುದು ಅಂದ್ರೆ ನನ್ನ ಪ್ರಕಾರ ಇದನ್ನು ಬೇರೆ ಬೇರೆ ಮಾಡಿ ನೋಡ್ಲಿಕ್ಕೆ ಕಲಿಯುದು, ಯಾವ ತಪ್ಪು ಗಾಜಿಂದು, ಯಾವುದು ಕೈಯದ್ದು ಅಂತ. ಗಾಜಿನ ತಪ್ಪು ಎಷ್ಟು ಅಂತ ಗೊತ್ತಿದ್ರೆ ಮಾತ್ರ ಕೈಯ ತಪ್ಪು ಕಣ್ಣಿಗೆ ಬೀಳ್ತದೆ. ಈ ಬ್ಯುರೆಟ್ ನನಗೆ ಕೊಟ್ಟದ್ದು ಅದನ್ನೇ.

ಲೆಕ್ಕ ಹಾಕಿ ನೋಡಿ. ಸೋಡಿಯಂ ಹೈಡ್ರಾಕ್ಸೈಡ್ ಸ್ಟಾಂಡರ್ಡೈಸ್ ಮಾಡ್ಲಿಕ್ಕೆ, ಅಂದ್ರೆ ಅದರ ಸರಿಯಾದ ಸಾಂದ್ರತೆ ಕಂಡುಹಿಡೀಲಿಕ್ಕೆ, ಕೆಎಚ್‌ಪಿ ಅಂದ್ರೆ ಪೊಟ್ಯಾಸಿಯಂ ಹೈಡ್ರೋಜನ್ ಥ್ಯಾಲೇಟ್ ತೂಗ್ತೀರಿ, ಅದರ ಮೋಲಾರ್ ಮಾಸ್ 204.22, ಹಾಗಾಗಿ 0.4084 ಗ್ರಾಂ ತಗೊಂಡ್ರೆ 0.1 ಮೋಲಾರ್ ಹೈಡ್ರಾಕ್ಸೈಡು ಸರೀ 20 ಎಂಎಲ್ ಬೇಕು. ಬ್ಯಾಲೆನ್ಸು ನಾಲ್ಕು ಡೆಸಿಮಲ್ ತೋರಿಸ್ತದೆ, ಅದರಲ್ಲಿ 0.1 ಮಿಲಿಗ್ರಾಂ ಆಚೀಚೆ ಆದ್ರೂ ತಪ್ಪು 0.025 ಪರ್ಸೆಂಟು. ಬ್ಯುರೆಟ್ಟಲ್ಲಿ 0.05 ಎಂಎಲ್ ಅಂದ್ರೆ 20ಕ್ಕೆ 0.25 ಪರ್ಸೆಂಟು. ಹತ್ತು ಪಾಲು! ಬಿ ಕ್ಲಾಸಲ್ಲಿ ಅದು ಅರ್ಧ ಪರ್ಸೆಂಟ್ ಆಯ್ತು. ಬ್ಯಾಲೆನ್ಸಿನ ಗಾಜಿನ ಬಾಗಿಲು ಹಾಕಿ, ಉಸಿರು ಬಿಗಿ ಹಿಡಿದು ಅಷ್ಟು ನಾಜೂಕಲ್ಲಿ ತೂಗಿ, ಆಮೇಲೆ ಆ ತೂಕವನ್ನು ಒಂದು ಹಾಳು ಕೊಳವೆಯಲ್ಲಿ ಅಳೆಯುದು ಅಂದ್ರೆ ತೂಗಿದ ಕಷ್ಟ ಎಲ್ಲ ನೀರಲ್ಲಿ ಹೋಮ. ಇಡೀ ಸರಪಳಿಯಲ್ಲಿ ಸೋಲುವ ಕೊಂಡಿ ಯಾವಾಗ್ಲೂ ವಾಲ್ಯೂಮೇ, ತೂಕ ಅಲ್ಲ. ದುಡ್ಡು ಹಾಕುದಾದ್ರೆ ಅಲ್ಲಿ ಹಾಕ್ಬೇಕು.

ಆದ್ರೆ ಎ ಕ್ಲಾಸ್ ತಂದ ಕೂಡ್ಲೇ ಎಲ್ಲ ಸರಿ ಆಗ್ತದೆ ಅಂತಲ್ಲ. ತಂದ ಮೇಲೆ ಕ್ಯಾಲಿಬ್ರೇಟ್ ಮಾಡ್ಬೇಕು, ಅಂದ್ರೆ ಗೆರೆ ತೋರಿಸುದಕ್ಕೂ ನಿಜಕ್ಕೂ ಎಷ್ಟು ವ್ಯತ್ಯಾಸ ಅಂತ ನೋಡ್ಬೇಕು, ಇದು ನಾನು ಎಲ್ಲರಿಗೂ ಕೈಮುಗಿದು ಹೇಳುವ ಮಾತು. ಮಾಡುದು ಬಹಳ ಸುಲಭ. ಡಿಸ್ಟಿಲ್ಡ್ ವಾಟರ್ ಬ್ಯಾಲೆನ್ಸ್ ರೂಮಲ್ಲೇ ಒಂದೆರಡು ಗಂಟೆ ಇಟ್ಟು, ಥರ್ಮಾಮೀಟರ್ ಮುಳುಗಿಸಿ ಉಷ್ಣತೆ ಬರ್ಕೊಳ್ಳಿ, ಬ್ಯುರೆಟ್ಟಿಗೆ ತುಂಬಿಸಿ ಸೊನ್ನೆಗೆ ತನ್ನಿ, ಮುಚ್ಚಳ ಇರುವ ಸಣ್ಣ ವೇಯಿಂಗ್ ಬಾಟಲ್ ಒಣಗಿಸಿ ತೂಗಿ, ಅದಕ್ಕೆ 10 ಎಂಎಲ್ ಬಿಡಿ, ಮುಚ್ಚಿ, ತೂಗಿ, ಆಮೇಲೆ 20ರವರೆಗೆ, 30ರವರೆಗೆ, ಹಾಗೇ 50ರವರೆಗೆ. ಮುಚ್ಚಳ ಹಾಕದಿದ್ರೆ ಆವಿಯಾಗಿ ತೂಕ ಇಳೀತಾ ಹೋಗ್ತದೆ, ನಿಮಗೇ ಡಿಸ್ಪ್ಲೇಯಲ್ಲಿ ಕಾಣ್ತದೆ. ಈಗ 30 ಡಿಗ್ರಿಯಲ್ಲಿ ನೀರಿನ ಡೆನ್ಸಿಟಿ ಎಂಎಲ್ಲಿಗೆ 0.9957 ಗ್ರಾಂ ಹತ್ರ, ಜೊತೆಗೆ ಗಾಳಿ ನೀರನ್ನು ಮೇಲೆ ಎತ್ತುವ ಬಾಯನ್ಸಿಯೂ ಉಂಟು, ಎರಡೂ ಸೇರಿಸಿದ್ರೆ ಬ್ಯಾಲೆನ್ಸಲ್ಲಿ ಕಾಣುವ 1 ಗ್ರಾಂ ನೀರು ಸುಮಾರು 1.0054 ಎಂಎಲ್. ಅಂದ್ರೆ ಸರಿಯಾದ 20 ಎಂಎಲ್ ನೀರು 19.89 ಗ್ರಾಂ ತೂಗ್ಬೇಕು, 20 ಗ್ರಾಂ ಅಲ್ಲ. ನನ್ನದು 20ರ ಗೆರೆಯಲ್ಲಿ 19.91 ತೂಗಿತು, ಅಂದ್ರೆ ನಿಜವಾದ ವಾಲ್ಯೂಮು 20.02, ಹಾಗಾಗಿ ಆ ಜಾಗದಲ್ಲಿ ಪ್ಲಸ್ 0.02 ಕರೆಕ್ಷನ್. 40ರ ಹತ್ರ ಮೈನಸ್ಸಿಗೆ ಹೋಗ್ತದೆ. ಟಾಲರೆನ್ಸಿನ ಒಳಗೇ ಉಂಟು, ಕಂಪೆನಿ ಮಾತು ಉಳಿಸಿಕೊಂಡಿದೆ. ಇದನ್ನು ಗ್ರಾಫ್ ಶೀಟಲ್ಲಿ ಎಳೆದು ರೆಕಾರ್ಡಿನ ಮೊದಲ ಪುಟಕ್ಕೆ ಅಂಟಿಸಿದ್ದೆ, ಅಲ್ಲಿಂದ ಪ್ರತಿ ಟೈಟರ್ ವ್ಯಾಲ್ಯೂಗೂ (ಬಿಟ್ಟ ದ್ರಾವಣದ ಎಂಎಲ್) ಅದನ್ನು ಕೂಡಿಸಿಯೇ ಲೆಕ್ಕ ಹಾಕಿದ್ದು. ಕಾಲೇಜಿನ ಬ್ಯುರೆಟ್ಟಿಗೂ ಹೀಗೆ ಮಾಡಬಹುದಲ್ಲ ಅಂತ ಕೇಳ್ಬಹುದು. ಮಾಡಬಹುದು, ಆದ್ರೆ ಮುಂದಿನ ವಾರ ಅದೇ ನಿಮಗೆ ಸಿಗ್ಬೇಕಲ್ಲ.

ಕಾಕ್ ಬಗ್ಗೆ ಬೇರೆಯೇ ಹೇಳ್ಬೇಕು, ದಿನಾ ಕೈಗೆ ಸಿಗುದು ಅದೇ. ಟೆಫ್ಲಾನಿಗೆ ವ್ಯಾಸಲಿನ್ ಬೇಡ, ಗ್ರೀಸ್ ಬೇಡ, ಹಾಗಾಗಿ ಎಣ್ಣೆ ಜಿಡ್ಡು ಗಾಜಿನ ಒಳಗೆ ಹತ್ತಿ ದ್ರಾವಣ ಹನಿಹನಿಯಾಗಿ ಗೋಡೆಯಲ್ಲಿ ನಿಲ್ಲುವ ಕಾಟ ಇಲ್ಲ. ಸೋಡಿಯಂ ಹೈಡ್ರಾಕ್ಸೈಡ್ ಹಾಕಿದ್ರೂ ಕಚ್ಚಿ ಹಿಡಿಯುದಿಲ್ಲ, ಗಾಜಿನ ಕಾಕಲ್ಲಿ ಹೈಡ್ರಾಕ್ಸೈಡ್ ಒಂದು ರಾತ್ರಿ ಬಿಟ್ರೆ ಬೆಳಿಗ್ಗೆ ತಿರುಗಿಸ್ಲಿಕ್ಕೆ ಹೋಗಿ ಗಾಜೇ ತುಂಡಾದದ್ದನ್ನು ಎಲ್ಲರೂ ನೋಡಿರ್ತೀರಿ. ಎಡಗೈಯನ್ನು ಕೊಳವೆಯ ಸುತ್ತ ತಂದು ಹೆಬ್ಬೆರಳು ಮತ್ತೆ ಎರಡು ಬೆರಳಲ್ಲಿ ಕಾಕ್ ಹಿಡಿದು, ಬಲಗೈಯಲ್ಲಿ ಫ್ಲಾಸ್ಕ್ ತಿರುಗಿಸುದು, ಈ ಭಂಗಿ ಮೊದಮೊದ್ಲು ಕಷ್ಟ, ಆದ್ರೆ ಕಾಕ್ ಮೆತ್ತಗೆ ತಿರುಗುವಂಥದ್ದಿದ್ರೆ ಕೈಗೆ ಬೇಗ ಹತ್ತುತ್ತದೆ.

ಎಂಡ್ ಪಾಯಿಂಟಿನ ಹತ್ರ, ಅಂದ್ರೆ ಬಣ್ಣ ಬದಲಾಗಿ ಟೈಟ್ರೇಷನ್ ಮುಗಿಯುವಲ್ಲಿ, ಇದರ ಬೆಲೆ ಗೊತ್ತಾಗುದು. ಬಾವಿ ನೀರಿನ ಗಡಸುತನ ನೋಡ್ಲಿಕ್ಕೆ ಇಡಿಟಿಎ (ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿಯುವ ರಾಸಾಯನಿಕ) ಟೈಟ್ರೇಷನ್ ತಗೊಳ್ಳಿ. ಅಮೋನಿಯ ಬಫರ್ ಹಾಕಿ ಪಿಎಚ್ 10ಕ್ಕೆ ತಂದು ಬಣ್ಣ ತೋರಿಸುವ ಇಂಡಿಕೇಟರ್ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಹಾಕಿದ್ರೆ ಫ್ಲಾಸ್ಕಲ್ಲಿ ಪುನರ್ಪುಳಿ ಜ್ಯೂಸಿನ ಬಣ್ಣ. ಇಡಿಟಿಎ ಬಿಡ್ತಾ ಹೋದ ಹಾಗೆ ಆ ಕೆಂಪು ಮಾಸ್ತದೆ, ನಡುವೆ ಒಂದು ನೇರಳೆ ಬರ್ತದೆ, ಅಲ್ಲಿ ತಾಳ್ಮೆ ಬೇಕು, ಅದು ಎಂಡ್ ಪಾಯಿಂಟ್ ಅಲ್ಲ, ಕೆಂಪಿನ ಛಾಯೆ ಪೂರ್ತಿ ಹೋಗಿ ಶುದ್ಧ ನೀಲಿ ಆಗ್ಬೇಕು. ರಿಯಾಕ್ಷನ್ ಕೊನೆಗೆ ನಿಧಾನ ಆಗ್ತದೆ, ಹಾಗಾಗಿ ಡ್ರಾಪಿನ ನಡುವೆ ಕೆಲವು ಸೆಕೆಂಡ್ ಕಾಯ್ಬೇಕು. ಒಂದು ಡ್ರಾಪ್ ಅಂದ್ರೆ ಸುಮಾರು 0.05 ಎಂಎಲ್, ಅಂದ್ರೆ ಬ್ಯುರೆಟ್ಟಿನ ಇಡೀ ಟಾಲರೆನ್ಸಿನಷ್ಟು! ಅದಕ್ಕೇ ಅರ್ಧ ಡ್ರಾಪ್ ಬಿಡ್ಲಿಕ್ಕೆ ಕಲೀಬೇಕು. ಕಾಕನ್ನು ಕೂದಲೆಳೆಯಷ್ಟು ತಿರುಗಿಸಿ ಟಿಪ್ಪಲ್ಲಿ ಹನಿ ಅರ್ಧ ಬೆಳೆದು ನಿಂತ ಕೂಡ್ಲೇ ಮುಚ್ಚುದು, ಫ್ಲಾಸ್ಕಿನ ಒಳಗೋಡೆಯನ್ನು ಅದಕ್ಕೆ ಮುಟ್ಟಿಸುದು, ವಾಶ್ ಬಾಟಲಿಂದ ಒಂದು ಚೂರು ನೀರು ಹಾಕಿ ಕೆಳಗೆ ಇಳಿಸುದು. ಸೋರುವ ಕಾಕಲ್ಲಿ ಈ ಕೆಲಸ ಸಾಧ್ಯವೇ ಇಲ್ಲ, ಟೆಫ್ಲಾನಲ್ಲಿ ಸಲೀಸು. ಟಿಪ್ ಸಣ್ಣ ಇದ್ದು ಚೂರಾಗದೆ ಇದ್ರೆ ಮಾತ್ರ ಹನಿ ಹೀಗೆ ಬೇಕಾದಲ್ಲಿ ನಿಲ್ತದೆ, ಅದಕ್ಕೇ ತಗೊಳ್ಳುವಾಗ ಟಿಪ್ಪನ್ನು ಬೆಳಕಿಗೆ ಹಿಡಿದು ನೋಡಿ ಅಂತ ಹೇಳುದು.

ಗೆರೆಗಳ ಬಗ್ಗೆ ಒಂದು ಮಾತು. ನನ್ನದು ಕಂದು ಬಣ್ಣದ ಗೆರೆ, ಗಾಜಿನ ಒಳಗೇ ಇಳಿದಂಥದ್ದು, ಎಷ್ಟು ತೊಳೆದ್ರೂ ಹೋಗ್ಲಿಲ್ಲ. ಬಿಳಿ ಇಲ್ಲಾ ನೀಲಿ ಪೇಂಟ್ ತುಂಬಿದ ಗೆರೆ ನೋಡ್ಲಿಕ್ಕೆ ಚಂದ, ಆದ್ರೆ ಆಲ್ಕಲಿಯಲ್ಲಿ ನಿಧಾನಕ್ಕೆ ಸವೀತದೆ. ಮುಖ್ಯ ಗೆರೆಗಳು ಕೊಳವೆಯ ಸುತ್ತ ಪೂರ್ತಿ ಬಂದಿರ್ಬೇಕು, ಹಾಗಿದ್ರೆ ಕಣ್ಣು ಮೇಲೆ ಕೆಳಗೆ ಆದಾಗ ಮುಂದಿನ ಗೆರೆ ಹಿಂದಿನ ಗೆರೆ ಎರಡಾಗಿ ಕಾಣ್ತದೆ, ಎರಡೂ ಒಂದಾಗುವಲ್ಲಿ ಕಣ್ಣು ಇಟ್ರೆ ಪ್ಯಾರಲ್ಯಾಕ್ಸ್ ಇಲ್ಲ. ಹಿಂಬದಿ ಬಿಳಿ ಗಾಜಿನ ಮೇಲೆ ನೀಲಿ ಪಟ್ಟಿ ಇರುವ ಶೆಲ್‌ಬಾಕ್ ಬ್ಯುರೆಟ್ ಅಂತ ಬರ್ತದೆ, ಅದರಲ್ಲಿ ಮೆನಿಸ್ಕಸ್, ಅಂದ್ರೆ ದ್ರಾವಣದ ಬಾಗಿದ ಮೇಲ್ಮೈ, ಇರುವಲ್ಲಿ ನೀಲಿ ಪಟ್ಟಿ ಎರಡು ಮೊನೆಯಾಗಿ ಒಂದಕ್ಕೊಂದು ತಾಗಿದ ಹಾಗೆ ಕಾಣ್ತದೆ, ಬಣ್ಣ ಇಲ್ಲದ ದ್ರಾವಣಕ್ಕೆ ಭಾರೀ ಒಳ್ಳೆದು. ಪರ್ಮಾಂಗನೇಟಿಗೆ ಪ್ರಯೋಜನ ಇಲ್ಲ, ಅದಕ್ಕೆ ಹೇಗೂ ಮೆನಿಸ್ಕಸ್ಸಿನ ಮೇಲಿನ ಅಂಚೇ ನೋಡ್ಬೇಕು. ನನಗೆ ಎಲ್ಲ ಟೈಟ್ರೇಷನ್ನಿಗೂ ಒಂದೇ ಬ್ಯುರೆಟ್ ಬೇಕಿತ್ತು, ಹಾಗಾಗಿ ಸಾದಾದ್ದೇ ತಗೊಂಡೆ, ಹಿಂದೆ ಅರ್ಧ ಕಪ್ಪು ಅರ್ಧ ಬಿಳಿ ಮಾಡಿದ ಕಾರ್ಡ್ ಹಿಡಿದ್ರೆ ಅಷ್ಟೇ ಸ್ಪಷ್ಟ ಕಾಣ್ತದೆ.

ನಮ್ಮ ಊರಿನ ಹವೆಗೆ ಇದು ಹೇಗೆ ಅಂತ ಕೇಳಿದ್ರೆ, ಗಾಜಿಗೆ ಹೆಚ್ಚು ತೊಂದ್ರೆ ಇಲ್ಲ, ಬೋರೋಸಿಲಿಕೇಟ್ ಸೆಕೆಗೆ ಹಿಗ್ಗುದು ಬಹಳ ಕಮ್ಮಿ. ಹಿಗ್ಗುದು ಒಳಗಿರುವ ದ್ರಾವಣ. ನೀರು 30 ಡಿಗ್ರಿಯ ಹತ್ರ ಒಂದು ಡಿಗ್ರಿಗೆ ಸುಮಾರು 0.03 ಪರ್ಸೆಂಟ್ ಹಿಗ್ತದೆ. ಏಪ್ರಿಲ್ ಮೇಯಲ್ಲಿ ಬೆಳಿಗ್ಗೆ ಎಸಿ ಹಾಕಿದ ಬ್ಯಾಲೆನ್ಸ್ ರೂಮಲ್ಲಿ 26 ಡಿಗ್ರಿಗೆ ದ್ರಾವಣ ಮಾಡಿ ಮಾರ್ಕಿಗೆ ತಂದು, ಮಧ್ಯಾಹ್ನ ಹೊರಗಿನ ಲ್ಯಾಬಲ್ಲಿ 32 ಡಿಗ್ರಿಯಲ್ಲಿ ಟೈಟ್ರೇಟ್ ಮಾಡಿದ್ರೆ ಅಲ್ಲೇ 0.18 ಪರ್ಸೆಂಟ್ ಹೋಯ್ತು. ಬಿ ಕ್ಲಾಸ್ ಬಳಸುವವ್ರಿಗೆ ಇದು ಕಾಣುವುದೇ ಇಲ್ಲ, ಬೇರೆ ತಪ್ಪುಗಳ ಅಡಿಯಲ್ಲಿ ಮುಚ್ಚಿ ಹೋಗ್ತದೆ. ಕ್ಯಾಲಿಬ್ರೇಟ್ ಮಾಡಿದ ಎ ಕ್ಲಾಸಲ್ಲಿ ಎದ್ದು ಕಾಣ್ತದೆ. ದ್ರಾವಣದ ಬಾಟಲಿಯನ್ನು ಟೈಟ್ರೇಷನ್ ಮಾಡುವ ಜಾಗದಲ್ಲೇ ಇಟ್ಟು ಹದಕ್ಕೆ ಬರ್ಲಿಕ್ಕೆ ಬಿಡ್ಬೇಕು ಅನ್ನುದು ನನಗೆ ಪುಸ್ತಕದ ಸಾಲಿನಿಂದ ಅಲ್ಲ, ಈ ಬ್ಯುರೆಟ್ಟಿನ ರೀಡಿಂಗಿಂದ ಮನಸ್ಸಿಗೆ ಹತ್ತಿದ್ದು.

ಮಳೆಗಾಲದ ಕಥೆ ಬೇರೆ. ಜೂನಿಂದ ಸೆಪ್ಟೆಂಬರ್ ತನಕ ಇಲ್ಲಿ ಬಟ್ಟೆಯೇ ಒಣಗುದಿಲ್ಲ, ಹೈಡ್ರಾಕ್ಸೈಡ್ ಪೆಲೆಟ್ಟು ವಾಚ್ ಗ್ಲಾಸಿಗೆ ಹಾಕಿ ತೂಗುವಷ್ಟರಲ್ಲಿ ಒದ್ದೆ ಒದ್ದೆ, ಡೆಸಿಕೇಟರಿನ ನೀಲಿ ಸಿಲಿಕಾ ಜೆಲ್ ನೋಡ್ತಾ ನೋಡ್ತಾ ಗುಲಾಬಿ ಆಗ್ತದೆ, ಓವನಲ್ಲಿ ಮತ್ತೆ ಹುರಿದು ನೀಲಿ ಮಾಡ್ಬೇಕು. ಪ್ರೈಮರಿ ಸ್ಟಾಂಡರ್ಡ್, ಅಂದ್ರೆ ನೇರ ತೂಗಿ ನಂಬಬಹುದಾದ ಶುದ್ಧ ವಸ್ತು, ಎಂತಕ್ಕೆ ಬೇಕು ಅಂತ ಥಿಯರಿ ಕ್ಲಾಸಲ್ಲಿ ಅರ್ಥ ಆಗದವ್ರಿಗೂ ಜುಲೈ ತಿಂಗಳ ಮಂಗಳೂರು ಲ್ಯಾಬಲ್ಲಿ ಅರ್ಥ ಆಗ್ತದೆ. ಬ್ಯುರೆಟ್ ಒಳಗೆ ಒಣಗ್ಲಿಲ್ಲ ಅಂತ ಓವನಿಗೆ ಮಾತ್ರ ಇಡ್ಬೇಡಿ, ಒಣಗಿಸುವ ಅಗತ್ಯವೇ ಇಲ್ಲ, ಹಾಕುವ ದ್ರಾವಣದಲ್ಲೇ ಸ್ವಲ್ಪ ಸ್ವಲ್ಪ ತಗೊಂಡು ಎರಡು ಮೂರು ಸಲ ಕೊಳವೆ ಪೂರ್ತಿ ತಾಗುವ ಹಾಗೆ ತೊಳೆದು ಟಿಪ್ಪಿಂದ ಬಿಟ್ರೆ ಸಾಕು.

ನಮ್ಮ ಕಡೆಯ ಸ್ಯಾಂಪಲ್ ಹಿಡಿದು ಮಾಡಿದಾಗ ಈ ಪ್ರಾಕ್ಟಿಕಲ್ಸ್ ಎಷ್ಟು ಚಂದ ಅಂತ ಹೇಳದೆ ಇರ್ಲಿಕ್ಕೆ ಆಗುದಿಲ್ಲ. ಪಣಂಬೂರಿನ ಸಮುದ್ರದ ನೀರು ತಂದು ಮೋರ್ ವಿಧಾನದಲ್ಲಿ ಕ್ಲೋರೈಡ್ ನೋಡಿ. ತೆರೆದ ಸಮುದ್ರದ ನೀರಲ್ಲಿ ಕ್ಲೋರೈಡ್ ಕಿಲೋಗೆ ಸುಮಾರು 19 ಗ್ರಾಂ. 10 ಎಂಎಲ್ಲನ್ನು 100ಕ್ಕೆ ಮಾಡಿ ಅದರಿಂದ 25 ತಗೊಂಡ್ರೆ 0.1 ಮೋಲಾರ್ ಸಿಲ್ವರ್ ನೈಟ್ರೇಟ್ 13, 14 ಎಂಎಲ್ ಹೋಗ್ತದೆ. ಪೊಟ್ಯಾಸಿಯಂ ಕ್ರೋಮೇಟಿನ ಹಳದಿಯಲ್ಲಿ ಬೆಳ್ಳಗೆ ಮೊಸರು ಒಡೆದ ಹಾಗೆ ಪ್ರೆಸಿಪಿಟೇಟ್ ಬೀಳ್ತಾ ಬೀಳ್ತಾ ಕೊನೆಗೆ ಇಟ್ಟಿಗೆ ಕೆಂಪಿನ ಛಾಯೆ ನಿಲ್ತದೆ. ಮಳೆಗಾಲದಲ್ಲಿ ನದಿ ಸೇರುವ ಅಳಿವೆಯ ಹತ್ರದ ನೀರು ತಂದ್ರೆ ಅಷ್ಟು ಹೋಗುದೇ ಇಲ್ಲ, ಮಳೆ ನೀರು ಉಪ್ಪನ್ನು ತೆಳು ಮಾಡಿರ್ತದೆ, ಟೈಟರ್ ವ್ಯಾಲ್ಯೂ ನೋಡಿಯೇ ಗೊತ್ತಾಗ್ತದೆ. ಸಿಲ್ವರ್ ನೈಟ್ರೇಟ್ ದುಬಾರಿ, ಹಾಗಾಗಿ ವೇಸ್ಟ್ ಆಗದ ಹಾಗೆ ಮಾಡ್ಲಿಕ್ಕೂ ಸೋರದ ಕಾಕ್ ಬೇಕು. ಅಂದ ಹಾಗೆ ಈ ಮೋರ್ 1806ರಿಂದ 1879ರವರೆಗೆ ಇದ್ದ ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಮೋರ್, ಮೋರ್ಸ್ ಸಾಲ್ಟ್ ಅಂತ ನಾವು ಪಿಯುಸಿಯಲ್ಲೇ ತಯಾರಿಸ್ತೇವಲ್ಲ, ಅದೂ ಇವರ ಹೆಸ್ರಿಂದಲೇ. ಕೆಳಗೆ ರಬ್ಬರ್ ಟ್ಯೂಬು, ಅದಕ್ಕೆ ಪಿಂಚ್ ಕ್ಲಿಪ್ ಹಾಕಿ ನೇರ ನಿಲ್ಲಿಸುವ ಬ್ಯುರೆಟ್ಟನ್ನು ಬಳಕೆಗೆ ತಂದದ್ದೂ ಇವ್ರೇ. ಬ್ಯುರೆಟ್, ಪಿಪೆಟ್ (ಅಳತೆಯ ದ್ರಾವಣ ಎತ್ತಿ ಹಾಕುವ ಗಾಜಿನ ನಳಿಗೆ) ಅನ್ನುವ ಹೆಸ್ರು ಅದಕ್ಕಿಂತ ಹಳೇದು, 1824ರಲ್ಲಿ ಗೇ-ಲುಸ್ಸಾಕ್ ಬಳಸಿದ್ದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಮುರಕಲ್ಲಿನಲ್ಲಿ, ಅಂದ್ರೆ ಜಂಬಿಟ್ಟಿಗೆ ಕಲ್ಲಲ್ಲಿ, ಕಬ್ಬಿಣ ನೋಡಿದ್ದು. ನಮ್ಮ ಮನೆ ಕಾಂಪೌಂಡು, ಬಾವಿಕಟ್ಟೆ ಎಲ್ಲ ಅದರದ್ದೇ, ಆ ಕೆಂಪು ಎಲ್ಲಿಂದ ಬಂತು ಅಂತ ಅಂಕೆಯಲ್ಲಿ ನೋಡ್ಲಿಕ್ಕೆ ಸಿಗುದು ಸಣ್ಣ ಸಂಗತಿ ಅಲ್ಲ. ನುಣ್ಣಗೆ ಪುಡಿ ಮಾಡಿ, ಒಣಗಿಸಿ, ತೂಗಿ, ಕಾನ್ಸಂಟ್ರೇಟೆಡ್ ಹೈಡ್ರೋಕ್ಲೋರಿಕ್ ಆಸಿಡಲ್ಲಿ ಬಿಸಿ ಮಾಡಿದ್ರೆ ದ್ರಾವಣ ಗಾಢ ಹಳದಿ ಆಗ್ತದೆ, ಬಿಳಿಚಿದ ಮರಳಿನಂಥದ್ದು ಅಡಿಯಲ್ಲಿ ಉಳೀತದೆ. ಬಿಸಿ ಇರುವಾಗ್ಲೇ ಸ್ಟ್ಯಾನಸ್ ಕ್ಲೋರೈಡನ್ನು ಡ್ರಾಪ್ ಡ್ರಾಪಾಗಿ ಹಾಕಿ ಹಳದಿ ಹೋಗುವವರೆಗೆ ತಂದು, ಮೇಲೆ ಒಂದೆರಡು ಡ್ರಾಪ್ ಮಾತ್ರ ಜಾಸ್ತಿ ಹಾಕಿ, ತಣ್ಣಗೆ ಮಾಡಿ, ಮರ್ಕ್ಯುರಿಕ್ ಕ್ಲೋರೈಡ್ ಒಮ್ಮೆಗೇ ಹಾಕಿದ್ರೆ ರೇಷ್ಮೆಯಂಥ ಬಿಳಿ ಪ್ರೆಸಿಪಿಟೇಟ್ ತೆಳ್ಳಗೆ ಬರ್ಬೇಕು. ಬೂದು ಬಣ್ಣ ಬಂದ್ರೆ ಸ್ಟ್ಯಾನಸ್ ಜಾಸ್ತಿಯಾಗಿ ಪಾದರಸವೇ ಇಳಿದಿದೆ ಅಂತ, ಅದನ್ನು ಬಿಟ್ಟು ಮೊದ್ಲಿಂದ ಶುರು. ಆಮೇಲೆ ಸಲ್ಫ್ಯೂರಿಕ್ ಫಾಸ್ಫಾರಿಕ್ ಮಿಶ್ರಣ, ಬೇರಿಯಂ ಡೈಫಿನೈಲಮೀನ್ ಸಲ್ಫೊನೇಟ್ ಇಂಡಿಕೇಟರು, ಡೈಕ್ರೋಮೇಟ್. ಹಸಿರು ಹೋಗಿ ಒಂದೇ ಡ್ರಾಪಿಗೆ ನೇರಳೆ. 0.1 ನಾರ್ಮಲ್ ಡೈಕ್ರೋಮೇಟ್ 1 ಎಂಎಲ್ ಅಂದ್ರೆ 5.585 ಮಿಲಿಗ್ರಾಂ ಕಬ್ಬಿಣ. ಪಾದರಸದ ವೇಸ್ಟನ್ನು ಸಿಂಕಿಗೆ ಸುರಿಯುವ ಹಾಗಿಲ್ಲ, ಬೇರೆ ಬಾಟಲಲ್ಲಿ ಶೇಖರಿಸಿ ಕೊಡ್ಬೇಕು, ಈಗ ಎಷ್ಟೋ ಕಡೆ ಮರ್ಕ್ಯುರಿ ಬಿಟ್ಟು ಟೈಟಾನಿಯಂ ಕ್ಲೋರೈಡಲ್ಲಿ ಮಾಡ್ತಾರೆ, ಅದೇ ಒಳ್ಳೆದು.

ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು, ಅಲ್ಲಿಯವರೆಗೆ ಅಲ್ಲಿನ ಅದಿರು ಪೈಪಲ್ಲಿ ಪಣಂಬೂರಿಗೆ ಬರ್ತಿತ್ತು. ಅದಿರಿನ ವ್ಯಾಪಾರದಲ್ಲಿ ಬೆಲೆ ಕಟ್ಟುದು ಕಬ್ಬಿಣ ಎಷ್ಟು ಪರ್ಸೆಂಟ್ ಅನ್ನುದರ ಮೇಲೆ. 60 ಪರ್ಸೆಂಟಿನ ಅದಿರಲ್ಲಿ ಬ್ಯುರೆಟ್ಟಿನ ಅರ್ಧ ಪರ್ಸೆಂಟ್ ತಪ್ಪು ಅಂದ್ರೆ 0.3 ಪರ್ಸೆಂಟ್ ಕಬ್ಬಿಣ ಹೆಚ್ಚು ಕಮ್ಮಿ, ಒಂದು ಹಡಗಿನ ಲೋಡಿಗೆ ಅದು ಎಷ್ಟು ದುಡ್ಡು ಅಂತ ನೀವೇ ಯೋಚಿಸಿ. ಟೈಟ್ರೇಷನ್ ಹಳೇ ಕಾಲದ್ದು, ಈಗ ಎಲ್ಲ ಇನ್‌ಸ್ಟ್ರುಮೆಂಟೇ ಅಂತ ಹೇಳುವವ್ರಿಗೆ ನಾನು ಇದನ್ನೇ ಹೇಳುದು. ಇನ್‌ಸ್ಟ್ರುಮೆಂಟಿಗೂ ಸ್ಟಾಂಡರ್ಡ್ ದ್ರಾವಣ ಬೇಕು, ಆ ದ್ರಾವಣವನ್ನು ಯಾರೋ ಒಬ್ರು ತೂಗಿ, ಫ್ಲಾಸ್ಕಿಗೆ ಹಾಕಿ, ಮಾರ್ಕಿಗೆ ತಂದಿರ್ಬೇಕು. ಆ ಮಾರ್ಕ್ ತಪ್ಪಿದ್ರೆ ಕೋಟಿ ರೂಪಾಯಿಯ ಮೆಶಿನ್ನೂ ನಾಲ್ಕು ಡೆಸಿಮಲ್ಲಲ್ಲಿ ತಪ್ಪನ್ನೇ ಕೊಡ್ತದೆ.

ಕೊರತೆ ಇಲ್ಲ ಅಂತಲ್ಲ. ಒಂದು, ಟೆಫ್ಲಾನ್ ಕಾಕಿನ ನಟ್. ಹವೆ ಬದಲಾದಾಗ ಟೆಫ್ಲಾನು ಗಾಜಿಗಿಂತ ಎಷ್ಟೋ ಜಾಸ್ತಿ ಹಿಗ್ಗಿ ಕುಗ್ತದೆ, ಎಸಿ ರೂಮಿಗೆ ತಂದ ಕೂಡ್ಲೇ ಒಮ್ಮೊಮ್ಮೆ ಸಣ್ಣಗೆ ಸೋರ್ಲಿಕ್ಕೆ ಶುರು. ನಟ್ ಕಾಲು ಸುತ್ತು ಬಿಗಿ ಮಾಡಿದ್ರೆ ನಿಲ್ತದೆ. ಹಾಗಂತ ಬಲ ಹಾಕಿ ಬಿಗಿದ್ರೆ ಟೆಫ್ಲಾನ್ ಮೆತ್ತಗಿನ ವಸ್ತು, ಒತ್ತಡಕ್ಕೆ ಆಕಾರವೇ ಕೆಡ್ತದೆ, ಆಮೇಲೆ ಎಷ್ಟು ಬಿಗಿದ್ರೂ ಸೋರುದು ನಿಲ್ಲುದಿಲ್ಲ. ಕೆಲಸ ಮುಗಿದ ಮೇಲೆ ನಟ್ ಸಡಿಲ ಮಾಡಿ ಇಡುದೇ ಒಳ್ಳೆದು. ನನ್ನ ಬ್ಯುರೆಟ್ಟಿನ ಜೊತೆ ಸ್ಪೇರ್ ವಾಷರ್ ಕೊಡ್ಲಿಲ್ಲ, ಅಷ್ಟು ದುಡ್ಡು ತಗೊಂಡು ಒಂದು ವಾಷರ್ ಡಬ್ಬದಲ್ಲಿ ಇಡ್ಲಿಕ್ಕೆ ಎಂತ ಕಷ್ಟ ಅಂತ ಈಗ್ಲೂ ಅನಿಸ್ತದೆ. ಎರಡನೇದು ಉದ್ದ. ಡಬ್ಬ ಸಮೇತ ಸಿಟಿ ಬಸ್ಸಲ್ಲಿ ಹಿಡ್ಕೊಂಡು ನಿಲ್ಲುದು ದೊಡ್ಡ ಕೆಲಸ, ಬೆಳಿಗ್ಗೆ ಹೊತ್ತಲ್ಲಿ ಹಂಪನಕಟ್ಟೆಯಲ್ಲಿ ಹತ್ತುವಾಗ ಕಂಡಕ್ಟರಣ್ಣನ ಹತ್ರ ಹೇಳಿ ಡ್ರೈವರಿನ ಹಿಂದೆ ನಿಲ್ಲಿಸಿ ಕೊಂಡುಹೋಗ್ತಿದ್ದದ್ದು. ಲ್ಯಾಬಲ್ಲಿ ಲಾಕರ್ ಸಿಕ್ಕಿದ್ರೆ ಅಲ್ಲೇ ಇಡಿ. ಉಡುಪಿಯಿಂದ ದಿನಾ ಬಸ್ಸಲ್ಲಿ ಬರುವ ನನ್ನ ಫ್ರೆಂಡು ಪಿವಿಸಿ ಪೈಪಿನ ತುಂಡಿಗೆ ಎರಡೂ ಬದಿ ಮುಚ್ಚಳ ಹಾಕಿ, ಒಳಗೆ ಸ್ಪಂಜು ತುಂಬಿಸಿ ಅದರಲ್ಲಿ ತರ್ತಿದ್ದಳು, ಅದು ಕಂಪೆನಿಯ ರಟ್ಟಿನ ಡಬ್ಬಕ್ಕಿಂತ ಎಷ್ಟೋ ಗಟ್ಟಿ.

ಮತ್ತೆ ಒಂದು ಮಾತು, ಕೋರ್ಸಲ್ಲಿ ಅರ್ಧ ಗ್ರಾವಿಮೆಟ್ರಿ, ಅಂದ್ರೆ ತೂಕದಿಂದಲೇ ಪ್ರಮಾಣ ಕಂಡುಹಿಡಿಯುದು, ಅಲ್ಲಿ ಬ್ಯುರೆಟ್ಟಿನಿಂದ ಎಂತದ್ದೂ ಪ್ರಯೋಜನ ಇಲ್ಲ. ನಿಕ್ಕಲ್ಲನ್ನು ಡೈಮೀಥೈಲ್ ಗ್ಲೈಆಕ್ಸೈಮಲ್ಲಿ ಇಳಿಸುವಾಗ ಆ ಕೆಂಪು ಎಷ್ಟು ಚಂದ ಅಂದ್ರೆ ನೋಡ್ತಾ ನಿಲ್ಲುವ ಹಾಗಾಗ್ತದೆ, ಅದನ್ನು ಸಿಂಟರ್ಡ್ ಕ್ರೂಸಿಬಲ್ಲಲ್ಲಿ ಫಿಲ್ಟರ್ ಮಾಡಿ 110, 120 ಡಿಗ್ರಿಯಲ್ಲಿ ಒಣಗಿಸಿ ತೂಗುದು, ತೂಕಕ್ಕೆ 0.2032ರಿಂದ ಗುಣಿಸಿದ್ರೆ ನಿಕ್ಕಲ್. ಅದಕ್ಕೆ ಬೇಕಾದ್ದು ಒಳ್ಳೆ ಕ್ರೂಸಿಬಲ್ಲು ಮತ್ತೆ ತಾಳ್ಮೆ, ಎರಡನ್ನೂ ಕಾಲೇಜಲ್ಲೇ ಹುಡುಕಿಕೊಳ್ಳಿ, ಸ್ವಂತ ತಗೊಳ್ಳುವ ಅಗತ್ಯ ನನಗೆ ಕಾಣ್ಲಿಲ್ಲ.

ಯಾರಿಗೆ ಬೇಡ ಅಂತಲೂ ಹೇಳ್ತೇನೆ. ಬಿಎಸ್ಸಿಯವ್ರಿಗೆ ಕಾಲೇಜಿನ ಬಿ ಕ್ಲಾಸೇ ಸಾಕು, ಅಲ್ಲಿ ಕಲೀಬೇಕಾದ್ದು ಕೈ ಹದ, ಬಣ್ಣ ಗುರ್ತಿಸುದು. ಒಂದೇ ಸೆಮ್ಮಲ್ಲಿ ಮುಗಿಸಿ ಆರ್ಗ್ಯಾನಿಕ್ ಕಡೆ ಹೋಗುವವ್ರೂ ಸುಮ್ಮನೆ ದುಡ್ಡು ಹಾಕ್ಬೇಡಿ. ಅನಾಲಿಟಿಕಲ್ ತಗೊಳ್ಳುವವ್ರು, ಮುಂದೆ ಕ್ಯೂಸಿ ಅಂದ್ರೆ ಗುಣಮಟ್ಟ ಪರೀಕ್ಷಿಸುವ ಲ್ಯಾಬಿಗೆ, ನೀರಿನ ಲ್ಯಾಬಿಗೆ, ಗೊಬ್ಬರದ ಕಂಪೆನಿಗೆ ಹೋಗ್ಬೇಕು ಅಂತ ಇರುವವ್ರು ಕಣ್ಣು ಮುಚ್ಚಿ ತಗೊಳ್ಳಿ, ಜೊತೆಗೆ ದುಡ್ಡು ಹೊಂದಿದ್ರೆ ಒಂದು 25 ಎಂಎಲ್ ಎ ಕ್ಲಾಸ್ ಪಿಪೆಟ್ಟೂ ತಗೊಳ್ಳಿ, ±0.03ರದ್ದು. ಬ್ಯುರೆಟ್ ಮಾತ್ರ ಒಳ್ಳೆದಿದ್ದು ಪಿಪೆಟ್ ಬಾಯಿ ಒಡೆದದ್ದಾದ್ರೆ ಅರ್ಧ ಕೆಲಸ ಮಾಡಿದ ಹಾಗೆ. ಡಿಜಿಟಲ್ ಬ್ಯುರೆಟ್ ಬಗ್ಗೆ ಕೇಳ್ತೀರಿ ಅಂತ ಗೊತ್ತುಂಟು, ಕೆಲಸದ ಜಾಗದಲ್ಲಿ ನಾನು ಬಳಸ್ತೇನೆ, ದಿನಕ್ಕೆ ರಾಶಿ ಸ್ಯಾಂಪಲ್ ಮಾಡುವವ್ರಿಗೆ ವರದಾನ, ಆದ್ರೆ ಕಲಿಯುವವ್ರಿಗೆ ಬೇಡ. ಮೆನಿಸ್ಕಸ್ ಓದ್ಲಿಕ್ಕೆ, ಅರ್ಧ ಡ್ರಾಪ್ ಹಿಡಿಲಿಕ್ಕೆ ಅದು ಕಲಿಸುದಿಲ್ಲ.

ನನ್ನ ಮಾರ್ಕು ಐದರಲ್ಲಿ ನಾಲ್ಕೂವರೆ, ಅರ್ಧ ಕಳೆದದ್ದು ವಾಷರಿಗೆ. ಅಂಗಡಿಯಲ್ಲಿ ದುಡ್ಡು ಕೊಡುವ ಮೊದ್ಲು ಇಷ್ಟು ಮಾಡಿ: ನೀರು ತುಂಬಿಸ್ಲಿಕ್ಕೆ ಹೇಳಿ, ಯಾರೂ ಬೇಡ ಅನ್ನುದಿಲ್ಲ, ಸೊನ್ನೆಗೆ ತಂದು ಕಾಕ್ ಮುಚ್ಚಿ ಹತ್ತು ನಿಮಿಷ ನಿಲ್ಲಿಸಿ, ಮೆನಿಸ್ಕಸ್ ಅಲ್ಲಾಡಬಾರ್ದು, ಟಿಪ್ಪಲ್ಲಿ ಹನಿ ಕೂಡಬಾರ್ದು. ಆಮೇಲೆ ನೀರು ಬಿಟ್ಟು ಖಾಲಿ ಆದ ಗೋಡೆ ನೋಡಿ, ಹನಿ ನಿಂತ್ರೆ ಹೊಸ ಗಾಜಿನ ಜಿಡ್ಡು, ಅದಕ್ಕೆ ಹೆದರ್ಬೇಡಿ, ಮನೆಗೆ ತಂದು ಬಿಸಿ ನೀರಿಗೆ ಸ್ವಲ್ಪ ಲ್ಯಾಬ್ ಡಿಟರ್ಜೆಂಟ್ ಹಾಕಿ ತೊಳೆದ್ರೆ ಹೋಗ್ತದೆ, ಕ್ರೋಮಿಕ್ ಆಸಿಡ್ ಎಲ್ಲ ಬೇಡ. ಟಿಪ್ ಚೂರಾಗಿದ್ರೆ, ನಂಬರು ಚೀಟಿಗೂ ಗಾಜಿಗೂ ಹೊಂದದಿದ್ರೆ ಮಾತ್ರ ಬೇರೆ ಪೀಸ್ ಕೇಳಿ, ಬಿಲ್ಲಲ್ಲಿ ಆ ಸೀರಿಯಲ್ ನಂಬರ್ ಬರೆಸಿಕೊಳ್ಳಿ, ಮುಂದೆ ಬದಲಿಸ್ಲಿಕ್ಕೆ ಹೋದಾಗ ಅದು ಬೇಕಾಗ್ತದೆ.